ಬೆನ್ನುಮೂಳೆಯ ಉರಿಯೂತ, ಫೈಬ್ರೊಮಯಾಲ್ಜಿಯಾ: ಎರಡೂ ಒಟ್ಟಿಗೆ ಇದ್ದರೆ ಏನು ಮಾಡಬೇಕು?

"ಒಬ್ಬ ಡಾಕ್ಟರು ಬೆನ್ನುಮೂಳೆಯ ಸಂಧಿವಾತ ಅಂದ್ರು. ಇನ್ನೊಬ್ಬರು ಫೈಬ್ರೊಮಯಾಲ್ಜಿಯಾ ಅಂದ್ರು. ಯಾರ ಮಾತು ನಂಬೋದು?" ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆಯ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಇನ್ನು ಕೆಲವರದು ಬೇರೆ ಸಂಕಟ. ಸಾವಿರಾರು ರೂಪಾಯಿಯ ಇಂಜೆಕ್ಷನ್ ತಗೊಂಡಿದ್ದಾರೆ, ರಕ್ತದ ರಿಪೋರ್ಟ್ ನಾರ್ಮಲ್ ಬಂದಿದೆ, ಮೈಕೈ ನೋವು ಮಾತ್ರ ಹಾಗೇ ಇದೆ.

ಇಬ್ಬರು ಡಾಕ್ಟರ ಮಾತೂ ಸರಿ ಇರಬಹುದು. ಈ ಎರಡು ಕಾಯಿಲೆ ಒಂದೇ ಮೈಯಲ್ಲಿ ಒಟ್ಟಿಗೆ ಇರುವುದು ಅಪರೂಪವೇನಲ್ಲ. ಸಾಮಾನ್ಯ ಜನರಲ್ಲಿ ಫೈಬ್ರೊಮಯಾಲ್ಜಿಯಾ ಇರುವುದು ನೂರಕ್ಕೆ 2ರಿಂದ 4 ಮಂದಿಗೆ. ಬೆನ್ನುಮೂಳೆಯ ಉರಿಯೂತ ಇರುವವರಲ್ಲಿ ಹೆಚ್ಚುಕಡಿಮೆ ಆರೇಳು ಜನಕ್ಕೆ ಒಬ್ಬರಲ್ಲಿ ಇದೂ ಜೊತೆಗಿರುತ್ತದೆ. ಹಾಗಾಗಿ "ಇದೋ ಅದೋ" ಎಂದು ಹೊಡೆದಾಡುವ ಬದಲು, "ಇವತ್ತಿನ ಈ ನೋವು ಯಾವುದರದ್ದು?" ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಎರಡಕ್ಕೂ ಔಷಧಿ ಬೇರೆ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ.

ಬೆನ್ನುಮೂಳೆಯ ಉರಿಯೂತಕ್ಕೆ ಡಾಕ್ಟರುಗಳು ಎಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವಷ್ಟು ಬೆಳೆದಾಗ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಎಎಸ್. ಓದಲು ಸುಲಭವಾಗಲೆಂದು ಇಲ್ಲಿ ಎರಡು ಹಂತಕ್ಕೂ ಎಎಸ್ ಎಂದೇ ಬರೆದಿದೆ. ಉರಿಯೂತ ಎಂದರೆ ಒಳಗಿನ ಬಾವು. ಮೈಯ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಬೆನ್ನುಮೂಳೆ ಮತ್ತು ಸೊಂಟದ ಹಿಂದಿನ ಸ್ಯಾಕ್ರೋಇಲಿಯಾಕ್ ಕೀಲುಗಳಲ್ಲಿ ಬಾವು ಎಬ್ಬಿಸುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಮ್ಮ ಕಡೆ ಕುತ್ತಿಗೆ ಪಟ್ಟಿ ಹಾಕಿಕೊಂಡವರೆಲ್ಲ "ನನಗೂ ಸ್ಪಾಂಡಿಲೈಟಿಸ್" ಅನ್ನುತ್ತಾರೆ. ಬಹುತೇಕ ಅದು ವಯಸ್ಸಿನಿಂದ ಬರುವ ಸವೆತ. ಈ ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ.

ಫೈಬ್ರೊಮಯಾಲ್ಜಿಯಾದಲ್ಲಿ ಬಾವು ಇರುವುದಿಲ್ಲ, ಕೀಲು ಹಾಳಾಗುವುದಿಲ್ಲ. ನೋವನ್ನು ಮೆದುಳಿಗೆ ಮುಟ್ಟಿಸುವ ನರವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿಬಿಟ್ಟಿರುತ್ತದೆ. ಜಾತ್ರೆಯ ಮೈಕ್ ಸೆಟ್ಟಿನ ವಾಲ್ಯೂಮ್ ಪೂರ್ತಿ ಏರಿಸಿಟ್ಟರೆ ಸಣ್ಣ ಕೆಮ್ಮೂ ಊರಿಗೆಲ್ಲ ಕೇಳುತ್ತದಲ್ಲ, ಹಾಗೆ. ನೋವು ಸುಳ್ಳಲ್ಲ, ನಾಟಕವೂ ಅಲ್ಲ. ಜೊತೆಗೆ ಸುಸ್ತು, ಮಲಗಿ ಎದ್ದರೂ ತೀರದ ನಿದ್ದೆ, ಹೇಳಬೇಕೆಂದ ಮಾತು ಮರೆತುಹೋಗುವುದು. ಹಲವು ವರ್ಷ ಬೆನ್ನಿನ ಬಾವಿನಲ್ಲಿ ನರಳಿದವರ ನರಗಳು ಹೀಗೆ ಸೂಕ್ಷ್ಮವಾಗುವ ಸಂಭವ ಜಾಸ್ತಿ. ಎರಡು ಕಾಯಿಲೆ ಒಟ್ಟಿಗೆ ಸೇರಲು ಇದೂ ಒಂದು ಕಾರಣ.

ಮುಂದೆ ಓದುವ ಮುನ್ನ ಒಂದು ಎಚ್ಚರಿಕೆ. ಕೆಳಗಿನ ಯಾವುದಾದರೂ ಇದ್ದರೆ ಓದುವುದನ್ನು ನಿಲ್ಲಿಸಿ ಇವತ್ತೇ ಆಸ್ಪತ್ರೆಗೆ ಹೋಗಿ:

- ಒಂದೇ ಕಣ್ಣು ಕೆಂಪಾಗಿ, ಆಳದಲ್ಲಿ ನೋವು, ಬೆಳಕು ನೋಡಲಾಗದು, ಆದರೆ ಪಿಸುರು ಇಲ್ಲ. ಇದು ಯುವಿಯೈಟಿಸ್ (ಕಣ್ಣಿನ ಒಳಗಿನ ಬಾವು) ಇರಬಹುದು. ಕಣ್ಣು ಬೇನೆ ಅಂದುಕೊಂಡು ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡು ಕೂತರೆ ದೃಷ್ಟಿಗೇ ಕುತ್ತು.
- ಮೂತ್ರ, ಮಲದ ಹಿಡಿತ ತಪ್ಪುವುದು, ತೊಡೆಸಂದು ಜೋಮು ಹಿಡಿಯುವುದು, ಕಾಲಿನ ಬಲ ಹೋಗುವುದು.
- ಎಎಸ್ ಇರುವವರು ಸಣ್ಣದಾಗಿ ಬಿದ್ದರೂ, ಆಮೇಲೆ ಬೆನ್ನು ಅಥವಾ ಕುತ್ತಿಗೆಯಲ್ಲಿ ಹೊಸ ನೋವು ಶುರುವಾಗುವುದು. ಬೆಸೆದುಕೊಂಡ ಬೆನ್ನು ಬೇಗ ಮುರಿಯುತ್ತದೆ.
- ಬೆನ್ನು ನೋವಿನ ಜೊತೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು.

ಹಂತ 1: ಎರಡು ವಾರ ನೋವಿನ ಪುಸ್ತಕ ಬರೆಯಿರಿ

ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ದಿನಕ್ಕೆ ನಾಲ್ಕು ಸಂಗತಿ ಬರೆಯಿರಿ. ರಾತ್ರಿ ನೋವಿಗೆ ಎಷ್ಟು ಹೊತ್ತಿಗೆ ಎಚ್ಚರವಾಯಿತು. ಬೆಳಿಗ್ಗೆ ಎದ್ದ ಮೇಲೆ ಮೈ ಸಡಿಲವಾಗಲು ಎಷ್ಟು ನಿಮಿಷ ಬೇಕಾಯಿತು. ಓಡಾಡಿದರೆ ನೋವು ಇಳಿಯಿತೋ ಏರಿತೋ. ಗುಳಿಗೆ ನುಂಗಿದರೆ ಫರಕು ಕಂಡಿತೋ ಇಲ್ಲವೋ.

ಎರಡು ಬಗೆಯ ನೋವು ಪುಸ್ತಕದಲ್ಲಿ ಬೇರೆ ಬೇರೆ ಥರ ಕಾಣುತ್ತವೆ. ಒಂದು ಪುಟ ಹೀಗಿರಬಹುದು: "ಬೆಳಗಿನ ಜಾವ ಮೂರೂವರೆಗೆ ಎಚ್ಚರ. ಎಡಗಡೆ ಪಿರ್ರೆಯ ಆಳದಲ್ಲಿ ನೋವು. ಹೋದ ವಾರ ಬಲಗಡೆ ಇತ್ತು. ಎದ್ದು ಅಂಗಳದಲ್ಲಿ ಸುತ್ತು ಹಾಕಿದ ಮೇಲೆ ಕಡಿಮೆ. ಎಂಟು ಗಂಟೆವರೆಗೂ ಬಗ್ಗಿ ಬಕೆಟ್ ಎತ್ತಲಿಕ್ಕೆ ಆಗಲಿಲ್ಲ." ಇದು ಬಾವಿನ ನೋವಿನ ನಡೆ.

ಇನ್ನೊಂದು ಪುಟ: "ಎಂಟು ತಾಸು ಮಲಗಿದ್ದೆ, ಎದ್ದಾಗ ಕಣ್ಣೇ ಮುಚ್ಚಿಲ್ಲ ಅನ್ನೋ ಹಾಗೆ. ಕತ್ತು, ಭುಜ, ತೋಳು, ತೊಡೆ ಎಲ್ಲಾ ನೋವು. ಮಗಳು ತೋಳು ಹಿಡಿದು ಎಳೆದರೂ ಜೀವ ಹೋದಂತೆ. ನಿನ್ನೆ ಮದುವೆ ಮನೆಯಲ್ಲಿ ಓಡಾಡಿದ್ದೆ. ನೋವಿನ ಗುಳಿಗೆ ನುಂಗಿದೆ, ಏನೂ ಆಗಲಿಲ್ಲ." ಇದು ಫೈಬ್ರೊದ ನಡೆ.

ಬಾವಿನ ಬೆನ್ನುನೋವಿಗೆ ತಜ್ಞರು ನೋಡುವ ಲಕ್ಷಣಗಳು ಐದು: 40 ವರ್ಷದೊಳಗೆ ಶುರುವಾಗಿರಬೇಕು, ಯಾವತ್ತು ಶುರುವಾಯಿತು ಎಂದು ಹೇಳಲಾಗದಷ್ಟು ನಿಧಾನವಾಗಿ ಬಂದಿರಬೇಕು, ಮೈ ಆಡಿಸಿದರೆ ಕಡಿಮೆ ಆಗಬೇಕು, ವಿಶ್ರಾಂತಿಯಿಂದ ಕಡಿಮೆ ಆಗಬಾರದು, ರಾತ್ರಿ ಬಂದು ಎದ್ದು ಓಡಾಡಿದರೆ ಇಳಿಯಬೇಕು. ಐದರಲ್ಲಿ ನಾಲ್ಕಿದ್ದು, ನೋವು ಮೂರು ತಿಂಗಳು ದಾಟಿದ್ದರೆ ತಡ ಮಾಡಬೇಡಿ.

ಆದರೆ ಬರೀ ಬೆಳಗಿನ ಬಿಗಿತ ನೋಡಿ ತೀರ್ಮಾನಕ್ಕೆ ಬರಬೇಡಿ. ಫೈಬ್ರೊ ಇರುವವರಿಗೂ ಬೆಳಿಗ್ಗೆ ಮೈ ಹಿಡಿದಿರುತ್ತದೆ, ಅವರಿಗೂ ರಾತ್ರಿ ಎಚ್ಚರವಾಗುತ್ತದೆ. ಓಡಾಡಿದರೆ ಏನಾಗುತ್ತದೆ, ಮರುದಿನ ಏನಾಗುತ್ತದೆ ಎನ್ನುವುದರಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಹಂತ 2: ಮೈಯ ನಕ್ಷೆ ಹಾಕಿ

ಒಂದು ಹಾಳೆಯ ಮೇಲೆ ಮನುಷ್ಯನ ಚಿತ್ರ ಬರೆದು, ಕಳೆದ ಏಳು ದಿನದಲ್ಲಿ ನೋವಿದ್ದ ಜಾಗಕ್ಕೆ ಗುರುತು ಹಾಕಿ. ಫೈಬ್ರೊಮಯಾಲ್ಜಿಯಾ ನಿರ್ಧರಿಸಲು 2016ರಲ್ಲಿ ಪರಿಷ್ಕರಿಸಿದ ಅಳತೆಯಲ್ಲಿ 19 ಜಾಗಗಳಿವೆ. ಎಡ-ಬಲ ಎರಡೂ ಲೆಕ್ಕ ಹಿಡಿದು ದವಡೆ, ಭುಜ, ಮೇಲ್ತೋಳು, ಮುಂಗೈ, ಪಿರ್ರೆ, ತೊಡೆ, ಮೊಣಕಾಲಿನ ಕೆಳಗಿನ ಕಾಲು. ಇವು ಹದಿನಾಲ್ಕು. ಮಿಕ್ಕ ಐದು: ಕುತ್ತಿಗೆ, ಬೆನ್ನಿನ ಮೇಲ್ಭಾಗ, ಸೊಂಟ, ಎದೆ, ಹೊಟ್ಟೆ.

ಆಮೇಲೆ ಸುಸ್ತು, ನಿದ್ದೆ ತೀರದಿರುವುದು, ಮರೆವು-ಗೊಂದಲ ಈ ಮೂರಕ್ಕೆ 0ಯಿಂದ 3ರವರೆಗೆ ಅಂಕ ಕೊಡಿ. ಕಳೆದ ಆರು ತಿಂಗಳಲ್ಲಿ ತಲೆನೋವು, ಕೆಳಹೊಟ್ಟೆ ನೋವು, ಖಿನ್ನತೆ ಇದ್ದರೆ ಒಂದೊಂದಕ್ಕೆ ಒಂದು ಅಂಕ. ಒಟ್ಟು 12ಕ್ಕೆ ಎಷ್ಟು ಬಂತು ನೋಡಿ. ನೋವಿನ ಜಾಗ 7 ಅಥವಾ ಜಾಸ್ತಿ ಇದ್ದು ಅಂಕ 5 ದಾಟಿದರೆ, ಇಲ್ಲವೇ ಜಾಗ 4ರಿಂದ 6 ಇದ್ದು ಅಂಕ 9 ಅಥವಾ ಮೇಲಿದ್ದರೆ ಫೈಬ್ರೊ ಇರುವ ಸಾಧ್ಯತೆ ಇದೆ. ಅಂಕ ಸರಿಯಾಗಿ 5 ಬಂದರೂ ದಾಟಿದ ಲೆಕ್ಕವೇ. ನೋವು ಮೂರು ತಿಂಗಳಿಂದ ಇರಬೇಕು, ಮೈಯ ಒಂದೇ ಕಡೆ ಅಂಟಿಕೊಂಡಿರದೆ ಹರಡಿರಬೇಕು.

ಇದೇ ಅಳತೆಯಲ್ಲಿ ಒಂದು ಮುಖ್ಯ ಮಾತಿದೆ: ಬೇರೆ ಕಾಯಿಲೆ ಇದ್ದರೂ ಫೈಬ್ರೊಮಯಾಲ್ಜಿಯಾ ಎಂದು ಹೇಳಬಹುದು. "ನಿಮಗೆ ಎಎಸ್ ಇದೆಯಲ್ಲ, ಹಾಗಾಗಿ ಫೈಬ್ರೊ ಇರಲಿಕ್ಕಿಲ್ಲ" ಎಂದು ಯಾರಾದರೂ ಅಂದರೆ ಈ ಹಾಳೆ ತೋರಿಸಿ. ಹಾಗಂತ ಹಾಳೆ ನೋಡಿ ನೀವೇ ಡಾಕ್ಟರಾಗಬೇಡಿ. ಥೈರಾಯ್ಡ್ ಕಡಿಮೆ ಆದರೂ ಇಷ್ಟೇ ಅಂಕ ಬರಬಹುದು.

ಹಂತ 3: ನಮ್ಮ ಜಿಲ್ಲೆಗಳ ಬೇರೆ ಕಾರಣಗಳನ್ನು ಮೊದಲು ತಳ್ಳಿಹಾಕಿ

ದೊಡ್ಡ ಊರಿನ ಡಾಕ್ಟರಿಗೆ ನಿಮ್ಮೂರಿನ ನೀರಿನ ರುಚಿ ಗೊತ್ತಿರುವುದಿಲ್ಲ. ಅವರು ಕೇಳದಿದ್ದರೂ ನೀವಾಗಿ ಹೇಳಬೇಕಾದ ಸಂಗತಿಗಳಿವು.

ಮೊದಲನೆಯದು ಫ್ಲೋರೈಡ್. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇದು ಹೊಸ ಸುದ್ದಿ ಅಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಪರವಾಗಿಲ್ಲ ಎನ್ನುತ್ತದೆ ಭಾರತೀಯ ಮಾನದಂಡ. ವರ್ಷಗಟ್ಟಲೆ ಜಾಸ್ತಿ ಫ್ಲೋರೈಡ್ ನೀರು ಕುಡಿದರೆ ಮೂಳೆ ಗಟ್ಟಿಯಾಗಿ, ಅದಕ್ಕೆ ಅಂಟಿದ ಪಟ್ಟಿಗಳಲ್ಲಿ ಸುಣ್ಣ ಕೂತು, ಬೆನ್ನು-ಕುತ್ತಿಗೆ ಬಿಗಿಯುತ್ತದೆ. ನೋಡಲಿಕ್ಕೆ ಥೇಟ್ ಎಎಸ್ ಥರವೇ. ಹಲ್ಲಿನ ಮೇಲೆ ಕಂದು ಕಲೆ ಅಥವಾ ಸುಣ್ಣ ಬಳಿದಂತಹ ಗೆರೆ ಇದ್ದರೆ, ಅದೂ ಊರಲ್ಲಿ ಹುಟ್ಟಿ ಬೆಳೆದ ಹಲವರಿಗೆ ಇದ್ದರೆ, ಡಾಕ್ಟರಿಗೆ ಹಲ್ಲು ತೋರಿಸಿಯೇ ಮಾತು ಶುರು ಮಾಡಿ. ಮುಂಗೈಯ ಎಕ್ಸ್‌ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಮೂಳೆಯಲ್ಲಿ ಕೂತ ಫ್ಲೋರೈಡನ್ನು ಕರಗಿಸುವ ಗುಳಿಗೆ ಇಲ್ಲ. ನೀರು ಬದಲಾಯಿಸಲೇಬೇಕು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯ ಬೆನ್ನು ಬೀಳುವುದೂ ಈ ಕಾಯಿಲೆಯ ಚಿಕಿತ್ಸೆಯೇ.

ಎರಡನೆಯದು ಬ್ರುಸೆಲ್ಲೋಸಿಸ್. ಕುರಿ, ಮೇಕೆ, ದನಗಳಿಂದ ಬರುವ ಸೋಂಕು ಇದು. ಹಸಿ ಹಾಲು ಕುಡಿಯುವವರು, ಕುರಿ ಈಯುವಾಗ ಬರಿಗೈಯಲ್ಲಿ ಮರಿ ಎಳೆಯುವವರು ನೆನಪಿಡಬೇಕು. ಬಂದು ಹೋಗುವ ಜ್ವರ, ಬೆವರು, ಜೊತೆಗೆ ಸೊಂಟದ ಕೀಲಿನಲ್ಲಿ ನೋವು. ಎಂಆರ್‌ಐಯಲ್ಲಿ ಇದೂ ಬಾವಿನಂತೆಯೇ ಕಾಣುತ್ತದೆ. ರಕ್ತ ಪರೀಕ್ಷೆ ಇದೆ, ಹಲವು ವಾರ ಆಂಟಿಬಯೋಟಿಕ್ ತಗೊಂಡರೆ ಗುಣವಾಗುತ್ತದೆ. ಇದನ್ನೇ ಎಎಸ್ ಅಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್ ಕೊಟ್ಟರೆ ಸೋಂಕು ಕೈ ಮೀರಬಹುದು. "ನಮ್ಮನ್ಯಾಗ ಕುರಿ ಅದಾವ್ರಿ" ಎಂಬ ಒಂದು ಮಾತನ್ನು ಡಾಕ್ಟರ ಮುಂದೆ ಹೇಳಲು ಸಂಕೋಚ ಯಾಕೆ?

ಉಳಿದವು ಬೆನ್ನುಮೂಳೆಯ ಟಿಬಿ, ವಿಟಮಿನ್ ಡಿ ಕೊರತೆ, ಥೈರಾಯ್ಡ್. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಮನೆಯೊಳಗೇ ಇರುವವರಲ್ಲಿ, ಇಡೀ ದಿನ ಜೀನ್ಸ್ ಹೊಲಿಗೆ ಮಿಷಿನ್ ಮುಂದೆ ಕೂತವರಲ್ಲಿ ವಿಟಮಿನ್ ಡಿ ಕಡಿಮೆ ಇರಬಹುದು. ಪರೀಕ್ಷೆ ಮಾಡಿಸದೆ 60,000 ಯೂನಿಟ್ ಪುಡಿಯನ್ನು ತಿಂಗಳುಗಟ್ಟಲೆ ಹಾಲಿಗೆ ಹಾಕಿ ಕುಡಿಯಬೇಡಿ. ಜಾಸ್ತಿಯಾದರೆ ಕಿಡ್ನಿಗೆ ತೊಂದರೆ.

ಹಂತ 4: ಸರಿಯಾದ ಪರೀಕ್ಷೆ, ಸರಿಯಾದ ಜಾಗದ ಎಂಆರ್‌ಐ

ದುಡ್ಡು ಹೆಚ್ಚು ಪೋಲಾಗುವುದು ಇಲ್ಲಿ. ಬೆನ್ನು ನೋವು ಎಂದ ಕೂಡಲೇ ಸೊಂಟದ ಬೆನ್ನುಮೂಳೆಯ ಎಂಆರ್‌ಐ ಬರೆದುಕೊಡುತ್ತಾರೆ. ಅದರಲ್ಲಿ "ಡಿಸ್ಕ್ ಬಲ್ಜ್" ಎಂದು ಬರುತ್ತದೆ. ನೋವಿಲ್ಲದ ಆರೋಗ್ಯವಂತರಲ್ಲೂ ಡಿಸ್ಕ್ ಉಬ್ಬು ಸಾಮಾನ್ಯ. ಅಲ್ಲಿಗೆ "ಡಿಸ್ಕ್ ಸರಿದಿದೆ" ಎಂಬ ಹಣೆಪಟ್ಟಿ ಬೀಳುತ್ತದೆ, ಎಎಸ್ ಹುಡುಕುವ ಕೆಲಸ ನಿಂತುಹೋಗುತ್ತದೆ.

ಎಎಸ್ ಅನುಮಾನ ಇದ್ದರೆ ಬೇಕಾದದ್ದು ಸ್ಯಾಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ. ಅದರಲ್ಲಿ ಸ್ಟಿರ್ ಎಂಬ ಬಗೆಯ ಚಿತ್ರ ಇರಬೇಕು. ಮೂಳೆಯೊಳಗಿನ ಬಾವು ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ. ಸಾಮಾನ್ಯವಾಗಿ ಡೈ ಇಂಜೆಕ್ಷನ್ ಬೇಕಾಗುವುದಿಲ್ಲ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಲಗುವ ಮುಂಚೆ ಚೀಟಿಯಲ್ಲಿ ಈ ಹೆಸರು ಇದೆಯಾ ಎಂದು ಒಮ್ಮೆ ಓದಿಸಿ ನೋಡಿ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಬೇಕು, ಹಾಗಾಗಿ ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ.

ಎಂಆರ್‌ಐ ಕೂಡ ದೇವರಲ್ಲ. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ, ಭಾರ ಹೊರುವವರಲ್ಲಿ, ಕ್ರೀಡಾಪಟುಗಳಲ್ಲಿ ಅದೇ ಕೀಲಿನಲ್ಲಿ ಸ್ವಲ್ಪ ಬೆಳ್ಳಗೆ ಕಾಣಬಹುದು. ಬಾಣಂತನ ಮುಗಿದು ಎಷ್ಟು ದಿನವಾಯಿತು, ಚೀಲ ಹೊರುವ ಕೆಲಸವಾ ಎಂಬುದನ್ನು ಹೇಳಿ.

ರಕ್ತದ ಪರೀಕ್ಷೆಗಳ ಬಗ್ಗೆ ಮೂರು ತಪ್ಪು ತಿಳಿವಳಿಕೆ ಇವೆ. ಒಂದು, ಎಚ್‌ಎಲ್‌ಎ-ಬಿ27 ಪಾಸಿಟಿವ್ ಬಂದರೆ ಎಎಸ್ ಗ್ಯಾರಂಟಿ ಎನ್ನುವುದು. ಇದೊಂದು ಜೀನ್, ಅಂದರೆ ಅಪ್ಪ-ಅಮ್ಮನಿಂದ ಬರುವ ಗುರುತು. ಇದು ಇರುವ ಬಹುಪಾಲು ಜನಕ್ಕೆ ಜೀವನಪೂರ್ತಿ ಕಾಯಿಲೆ ಬರುವುದಿಲ್ಲ. ಇಲ್ಲದವರಿಗೂ ಬರುತ್ತದೆ. ಆರಾಮಾಗಿ ಆಡಿಕೊಂಡಿರುವ ಮಕ್ಕಳಿಗೆ ಈ ಪರೀಕ್ಷೆ ಮಾಡಿಸುವುದು ಸುಮ್ನೆ ಭಯ ಕೊಂಡುಕೊಂಡಂತೆ. ಎರಡು, ಸಿಆರ್‌ಪಿ (ಮೈಯಲ್ಲಿ ಬಾವು ಇದ್ದರೆ ಏರುವ ಅಂಶ) ನಾರ್ಮಲ್ ಇದ್ದರೆ ಬಾವು ಇಲ್ಲ ಎನ್ನುವುದು. ಎಎಸ್ ಇರುವ ಎಷ್ಟೋ ಜನರಲ್ಲಿ ಅದು ನಾರ್ಮಲ್ಲೇ ಇರುತ್ತದೆ. ಮೂರು, ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು, ಸಂಧಿವಾತ ಇಲ್ಲ ಎನ್ನುವುದು. ಅದು ಬೇರೆ ಬಗೆಯ ಸಂಧಿವಾತದ ಪರೀಕ್ಷೆ. ಇಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಫೈಬ್ರೊಮಯಾಲ್ಜಿಯಾಕ್ಕೆ ರಕ್ತ ಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಹಂತ 2ರ ಹಾಳೆ ಮತ್ತು ಡಾಕ್ಟರ ಕೈ ಪರೀಕ್ಷೆ ಅಷ್ಟೇ.

ಹಂತ 5: ಡಾಕ್ಟರ ಮುಂದೆ ಕೂತಾಗ

ನೋಡಬೇಕಾದವರು ರುಮಟಾಲಜಿಸ್ಟ್, ಅಂದರೆ ಕೀಲುವಾತ ತಜ್ಞರು. ಮೊದಲ ಹೆಜ್ಜೆಗೆ ಬಳ್ಳಾರಿಯ ವಿಮ್ಸ್ (ಈಗಿನ ಹೆಸರು ಬಿಎಂಸಿಆರ್‌ಸಿ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಆಸ್ಪತ್ರೆಗಳ ಮೆಡಿಸಿನ್ ವಿಭಾಗ ಸಾಕು. ರಕ್ತ ಪರೀಕ್ಷೆ, ಎಕ್ಸ್‌ರೇ ಅಲ್ಲೇ ಮುಗಿಸಿಕೊಂಡು, ಅಲ್ಲಿಂದಲೇ ರೆಫರಲ್ ಚೀಟಿ ತಗೊಳ್ಳಿ. ತಜ್ಞರಿಗಾಗಿ ರಾಯಚೂರಿನವರು ಹೈದರಾಬಾದಿಗೆ, ಬಳ್ಳಾರಿ-ಕೊಪ್ಪಳದವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದು ವಾಡಿಕೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೋಗುವುದಾದರೆ ಕೆಳಗಿನ ಬರ್ತ್ ಹಿಡಿಯಿರಿ. ನಡುವೆ ಒಂದೆರಡು ಸಲ ಎದ್ದು ಬೋಗಿಯಲ್ಲಿ ಓಡಾಡಿ. ಇಲ್ಲದಿದ್ದರೆ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುವಾಗ ಬೆನ್ನು ಮರದ ಹಲಗೆಯಾಗಿರುತ್ತದೆ.

ಸಿಗುವುದು ಹತ್ತು ನಿಮಿಷ. "ಮೈಯೆಲ್ಲಾ ನೋವು ಸರ್" ಎಂದು ಶುರು ಮಾಡಿದರೆ ಮುಖ್ಯ ಸಂಗತಿಗಳು ಉಳಿದುಹೋಗುತ್ತವೆ. ಮೊದಲು ಇವನ್ನು ಹೇಳಿ: ಹಿಂದೆ ಕಣ್ಣು ಕೆಂಪಾಗಿ ನೋವು ಬಂದಿತ್ತಾ, ಹಿಮ್ಮಡಿ ನೋವು ಇತ್ತಾ, ಚರ್ಮದ ಮೇಲೆ ಹೊಪ್ಪಳೆ ಏಳುವ ಸೋರಿಯಾಸಿಸ್ ಇದೆಯಾ, ಮಲದಲ್ಲಿ ರಕ್ತ ಹೋಗುತ್ತಿತ್ತಾ, ಮನೆಯಲ್ಲಿ ಯಾರಿಗಾದರೂ ಬೆನ್ನು ಬಾಗಿದೆಯಾ, ನೋವಿನ ಗುಳಿಗೆ ಪೂರ್ತಿ ಡೋಸಿನಲ್ಲಿ ತಗೊಂಡಾಗ ಒಂದೆರಡು ದಿನದಲ್ಲಿ ಬೆನ್ನು ಹಗುರಾಯಿತಾ.

ಕೊನೆಗೆ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದರಲ್ಲಿ ಬಾವಿನ ನೋವು ಎಷ್ಟು, ಫೈಬ್ರೊ ನೋವು ಎಷ್ಟು ಅಂತ ನಿಮಗೆ ಅನ್ಸುತ್ತೆ? ಯಾವುದರಿಂದ ಹಾಗನ್ಸುತ್ತೆ?"

ಹೆಂಗಸರಿಗೆ ಒಂದು ಮಾತು ಬೇರೆ ಹೇಳಬೇಕು. ಎಎಸ್ ಗಂಡಸರ ಕಾಯಿಲೆ ಎಂಬ ನಂಬಿಕೆ ಬಹಳ ಕಾಲ ಇತ್ತು. ಹಾಗಾಗಿ ಹೆಂಗಸರ ಬೆನ್ನು ನೋವಿಗೆ ಫೈಬ್ರೊ, ಟೆನ್ಷನ್, ಹೆರಿಗೆ ಸೂಜಿ ಎಂದು ಹೆಸರಿಟ್ಟು ಕಳಿಸುವುದು ಈಗಲೂ ನಡೆಯುತ್ತದೆ. ಇತ್ತ ಗಂಡಸರಲ್ಲಿ ಫೈಬ್ರೊ ಇದ್ದರೂ ಯಾರೂ ಕೇಳುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ.

ಹಂತ 6: ಎರಡು ಚಿಕಿತ್ಸೆ, ಎರಡು ಲೆಕ್ಕ

ಬಾವಿಗೆ ಮೊದಲ ಔಷಧಿ ನೋವು-ಬಾವು ಇಳಿಸುವ ಗುಳಿಗೆಗಳು: ನ್ಯಾಪ್ರಾಕ್ಸೆನ್, ಎಟೊರಿಕಾಕ್ಸಿಬ್, ಇಂಡೊಮೆಥಸಿನ್ ಇತ್ಯಾದಿ. ಇವನ್ನು ಸರಿಯಾದ ಡೋಸಿನಲ್ಲಿ ಕೆಲವು ವಾರ ತಗೊಂಡು, ಒಂದು ಹಿಡಿಸದಿದ್ದರೆ ಇನ್ನೊಂದು ನೋಡುತ್ತಾರೆ. ಎರಡೂ ಫಲ ಕೊಡದಿದ್ದರೆ ಬಯೋಲಾಜಿಕ್ ಇಂಜೆಕ್ಷನ್: ಅಡಾಲಿಮುಮ್ಯಾಬ್, ಎಟನರ್ಸೆಪ್ಟ್, ಸೆಕುಕಿನುಮ್ಯಾಬ್ ಮುಂತಾದವು. ಬಾವು ಎಬ್ಬಿಸುವ ಒಂದು ನಿರ್ದಿಷ್ಟ ಅಂಶವನ್ನು ಹಿಡಿದು ತಡೆಯುವ ಔಷಧಿಗಳಿವು. ಟೊಫಾಸಿಟಿನಿಬ್‌ನಂಥ ಗುಳಿಗೆಗಳೂ ಬಂದಿವೆ. ಇವುಗಳಲ್ಲಿ ಯಾವುದನ್ನೇ ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು. ಒಳಗೆ ಮಲಗಿದ್ದ ಟಿಬಿ ಇವುಗಳಿಂದ ಎದ್ದು ಕೂರಬಹುದು. ಈ ಪರೀಕ್ಷೆ ಇಲ್ಲದೆ ಸೂಜಿ ಚುಚ್ಚಲು ಬಂದರೆ ಕೈ ಹಿಂದಕ್ಕೆ ತಗೊಳ್ಳಿ. ಮೆಥೊಟ್ರೆಕ್ಸೇಟ್ ಬೆನ್ನುಮೂಳೆಯ ಬಾವಿಗೆ ಕೆಲಸ ಮಾಡುವುದಿಲ್ಲ. ಸಲ್ಫಾಸಲಜೀನ್ ಕೈಕಾಲಿನ ಕೀಲು ಬಾವಿಗೆ ಮಾತ್ರ.

ಫೈಬ್ರೊ ನೋವಿಗೆ ಮೇಲಿನ ಯಾವುದೂ ನಾಟುವುದಿಲ್ಲ. ಸ್ಟಿರಾಯ್ಡ್ ಕೂಡ. ಅದಕ್ಕೆ ರಾತ್ರಿ ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್, ಇಲ್ಲವೇ ಡುಲಾಕ್ಸೆಟಿನ್, ಪ್ರಿಗಾಬಾಲಿನ್. ಡುಲಾಕ್ಸೆಟಿನ್ ಚೀಟಿಯ ಮೇಲೆ "ಖಿನ್ನತೆಗೆ" ಎಂದು ಓದಿ ಗಾಬರಿಯಾಗಿ ಬಿಡುವವರಿದ್ದಾರೆ. ನೋವಿನ ನರಗಳನ್ನು ತಣಿಸಲಿಕ್ಕೂ ಅದೇ ಗುಳಿಗೆ. ಶುರುವಿನಲ್ಲಿ ತೂಕಡಿಕೆ ಬರುತ್ತದೆ, ಬೈಕ್, ಟ್ರ್ಯಾಕ್ಟರ್ ಓಡಿಸುವವರು ಹುಷಾರು. ಡುಲಾಕ್ಸೆಟಿನ್, ಪ್ರಿಗಾಬಾಲಿನ್‌ಗಳನ್ನು ಥಟ್ಟನೆ ನಿಲ್ಲಿಸಬಾರದು. ಜೊತೆಗೆ ಟ್ರಮಡಾಲ್ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿಯೇ ನುಂಗಿ.

ಎರಡು ಕಾಯಿಲೆ ಸೇರಿದಾಗ ಆಗುವ ದೊಡ್ಡ ಎಡವಟ್ಟು ಇದು. ಎಎಸ್ ಎಷ್ಟು ಜೋರಾಗಿದೆ ಎಂದು ಅಳೆಯಲು ಬಾಸ್‌ಡಾಯ್ ಎಂಬ ಆರು ಪ್ರಶ್ನೆಯ ಪಟ್ಟಿ ಬಳಸುತ್ತಾರೆ. ಸುಸ್ತು ಎಷ್ಟು, ಬೆನ್ನು ನೋವು ಎಷ್ಟು, ಮುಟ್ಟಿದರೆ ನೋವು ಎಷ್ಟು, ಬೆಳಗಿನ ಬಿಗಿತ ಎಷ್ಟು, ಹೀಗೆ. ಹತ್ತಕ್ಕೆ ನಾಲ್ಕು ದಾಟಿದರೆ ಕಾಯಿಲೆ ಜೋರಾಗಿದೆ ಎಂದು ಲೆಕ್ಕ. ಆದರೆ ಇದರಲ್ಲಿ ರಕ್ತ ಪರೀಕ್ಷೆ ಇಲ್ಲ, ಎಲ್ಲವೂ ನಮ್ಮ ಬಾಯಿ ಮಾತು. ಫೈಬ್ರೊ ಇರುವವರಿಗೆ ಬಾವು ಒಂದಿಷ್ಟೂ ಇಲ್ಲದಿದ್ದರೂ ಏಳು ಎಂಟು ಬರಬಹುದು. ಆಗ "ಈ ಇಂಜೆಕ್ಷನ್ ಕೆಲಸ ಮಾಡಿಲ್ಲ" ಎಂದು ಇನ್ನೂ ದುಬಾರಿ ಇಂಜೆಕ್ಷನ್‌ಗೆ ಜಿಗಿಯುತ್ತಾರೆ. ಅದು ಕೆಲಸ ಮಾಡಿರುತ್ತದೆ, ನೋವು ಬೇರೆ ಕಡೆಯಿಂದ ಬರುತ್ತಿರುತ್ತದೆ.

ಹಾಗಾಗಿ ಔಷಧಿ ಬದಲಾಯಿಸುವ ಮಾತು ಬಂದಾಗ ಸಿಆರ್‌ಪಿ ನೋಡಿದ್ದೀರಾ, ಆಸ್‌ಡಾಸ್ (ಸಿಆರ್‌ಪಿಯನ್ನೂ ಸೇರಿಸುವ ಅಳತೆ) ಎಷ್ಟಿದೆ, ಎಂಆರ್‌ಐ ಮತ್ತೊಮ್ಮೆ ಬೇಕಾ ಎಂದು ವಿನಯದಿಂದ ಕೇಳಿ. ಇದರ ಉಲ್ಟಾ ತಪ್ಪೂ ಅಷ್ಟೇ ಕೆಟ್ಟದ್ದು. ಒಮ್ಮೆ ಫೈಬ್ರೊ ಎಂದು ಬರೆದ ಮೇಲೆ, ನಿಜವಾದ ಬಾವು ಎದ್ದಾಗಲೂ "ಅದೇ ಫೈಬ್ರೊ ಇರಬೇಕು ಬಿಡಿ" ಎಂದು ತಳ್ಳಿಬಿಡುತ್ತಾರೆ. ಕಣ್ಣು ಕೆಂಪು, ಹಿಮ್ಮಡಿ ಮೇಲೆ ಕಣ್ಣಿಗೆ ಕಾಣುವ ಊತ, ಏರಿದ ಸಿಆರ್‌ಪಿ ಇವು ಯಾವತ್ತೂ ಫೈಬ್ರೊದಿಂದ ಬರುವುದಿಲ್ಲ.

ವ್ಯಾಯಾಮ ಮಾತ್ರ ಎರಡಕ್ಕೂ ಔಷಧಿ. ತೊಡಕಿರುವುದು ವೇಗದಲ್ಲಿ. ಬಾವಿನ ಬೆನ್ನು ದಿನಾ ಆಡಿಸು ಎನ್ನುತ್ತದೆ, ಫೈಬ್ರೊ ಮೈ ಅತಿ ಮಾಡಿದರೆ ಮೂರು ದಿನ ಹಾಸಿಗೆ ಹಿಡಿಸುತ್ತದೆ. ಆರಾಮ ಇರುವ ದಿನ ಹತ್ತಿ ಬಿಡಿಸಿ, ಬಟ್ಟೆ ಒಗೆದು, ರೊಟ್ಟಿ ಬಡಿದು, ಎಲ್ಲ ಒಂದೇ ಉಸಿರಿಗೆ ಮುಗಿಸುವುದು, ಮರುದಿನದಿಂದ ಏಳದೇ ಇರುವುದು: ಈ ಚಕ್ರವನ್ನು ಮೊದಲು ಮುರಿಯಬೇಕು. ಆರಾಮವಿದ್ದರೂ ಇಲ್ಲದಿದ್ದರೂ ದಿನಕ್ಕೆ ಹತ್ತು ನಿಮಿಷ ನಡಿಗೆಯಿಂದ ಶುರು ಮಾಡಿ. ಮೈ ಒಪ್ಪಿದರೆ ಒಂದೆರಡು ವಾರಕ್ಕೊಮ್ಮೆ ಐದೈದು ನಿಮಿಷ ಏರಿಸಿ. ಜೊತೆಗೆ ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಲ್ಲುವುದು, ದೀರ್ಘ ಉಸಿರೆಳೆದು ಎದೆ ಅಗಲಿಸುವುದು, ಹೊಟ್ಟೆ ಮೇಲೆ ಸ್ವಲ್ಪ ಹೊತ್ತು ಮಲಗುವುದು. ತೆಳ್ಳನೆ ದಿಂಬು ಸಾಕು. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ನಡಿಗೆ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವವರು ಒಲೆಯನ್ನು ಕಟ್ಟೆ ಮೇಲೆ ಏರಿಸಿಕೊಳ್ಳಿ, ಐದು ರೊಟ್ಟಿಗೊಮ್ಮೆ ನೆಟ್ಟಗೆ ನಿಂತು ಬೆನ್ನು ಹಿಂದಕ್ಕೆ ಬಾಗಿಸಿ.

ಬೀಡಿ-ಸಿಗರೇಟು ಬಿಡಲೇಬೇಕು, ಅದು ಎಎಸ್ ಅನ್ನು ಹೆಚ್ಚಿಸುತ್ತದೆ. ಬದನೆಕಾಯಿ, ಆಲೂಗಡ್ಡೆ, ಬೇಳೆ ವಾಯು ಎಂದು ಬಿಡಬೇಕಿಲ್ಲ. ಎಣ್ಣೆಗಾಯಿ ಬಿಟ್ಟು ಎಎಸ್ ವಾಸಿಯಾದವರಿಲ್ಲ.

ಮಾಡಲೇಬಾರದ ಕೆಲವು ಸಂಗತಿಗಳಿವೆ:

- ಬೆನ್ನು ತುಳಿಸುವುದು, ಸಲೂನಿನಲ್ಲಿ ಕುತ್ತಿಗೆ ಲಟಕ್ಕೆನಿಸುವುದು. ಎಎಸ್ ಇರುವವರಿಗೆ ಇದು ಪ್ರಾಣಕ್ಕೇ ಸಂಚಕಾರ.
- ಹೆಸರಿಲ್ಲದ ಪುಡಿ, ಪೊಟ್ಟಣದ ಗುಳಿಗೆ. ಎರಡೇ ದಿನದಲ್ಲಿ ಎಲ್ಲ ನೋವು ಮಾಯವಾಗಿ ಹಸಿವು ಜೋರಾದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಅನುಮಾನ ಪಡಿ. ತಿಂಗಳುಗಟ್ಟಲೆ ತಗೊಂಡಿದ್ದರೆ ಥಟ್ಟನೆ ಬಿಡದೆ, ಡಾಕ್ಟರಿಗೆ ತೋರಿಸಿಯೇ ಬಿಡಿ.
- ಫೈಬ್ರೊ ನೋವಿಗೆ ದಿನಾ ನೋವಿನ ಗುಳಿಗೆ. ಉರಿಬಿಸಿಲಲ್ಲಿ ನೀರು ಕಡಿಮೆ ಕುಡಿದು ಈ ಗುಳಿಗೆ ನುಂಗಿದರೆ ಕಿಡ್ನಿಗೆ ಏಟು. ಬಿಪಿ, ಹೊಟ್ಟೆ ಹುಣ್ಣು ಇರುವವರಿಗೆ, ಗರ್ಭಿಣಿಯರಿಗೆ ಇನ್ನೂ ಅಪಾಯ.

ಹಂತ 7: ನೋವು ಏರಿದ ದಿನ ಯಾವುದೆಂದು ಗುರುತಿಸಿ

ನೋವು ದಿಢೀರ್ ಏರಿದಾಗ ಎರಡು ದಿನ ಸಮಾಧಾನದಿಂದ ನೋಡಿ. ಹಿಂದಿನ ದಿನ ನಿದ್ದೆ ಕೆಟ್ಟಿತ್ತಾ, ಮನೆಯಲ್ಲಿ ಜಗಳ, ಸಾಲದ ಚಿಂತೆ, ಹಬ್ಬದ ಕೆಲಸ ಇತ್ತಾ? ನೋವು ಮೈಯೆಲ್ಲಾ ಹರಡಿದೆಯಾ? ಹಾಗಿದ್ದರೆ ಫೈಬ್ರೊ ಕಡೆಗೆ ವಾಲಿ. ಕೆಲಸ ಅರ್ಧ ಮಾಡಿ, ಬಿಸಿನೀರಿನ ಸ್ನಾನ, ಸಣ್ಣ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ಪೂರ್ತಿ ಮಲಗಿಬಿಡಬೇಡಿ.

ಬೆಳಗಿನ ಜಾವದ ನೋವು ಮರಳಿ ಬಂತಾ, ಬಿಗಿತ ಅರ್ಧ ಗಂಟೆ ದಾಟಿತಾ, ಓಡಾಡಿದರೆ ಇಳಿಯುತ್ತದಾ, ಇಂಜೆಕ್ಷನ್ ತಾರೀಖು ತಪ್ಪಿತ್ತಾ? ಇದು ಬಾವು. ಡಾಕ್ಟರಿಗೆ ಫೋನ್ ಮಾಡಿ, ಸಿಆರ್‌ಪಿ ಮಾಡಿಸಿ. ಎರಡೂ ಒಟ್ಟಿಗೆ ಏರುವ ದಿನಗಳೂ ಇರುತ್ತವೆ, ಆಗ ಪುಸ್ತಕ ನೋಡಿ ಅಂದಾಜು ಮಾಡಬೇಕಷ್ಟೇ.

ಹಂತ 8: ಖರ್ಚು ಮತ್ತು ಕಾಗದ ಪತ್ರ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗುವ ಚಿಕಿತ್ಸೆಗೆ. ದಿನಾ ನುಂಗುವ ಗುಳಿಗೆಗೆ, ಮನೆಯಲ್ಲಿ ಹಾಕಿಕೊಳ್ಳುವ ಇಂಜೆಕ್ಷನ್‌ಗೆ ಸಿಗುತ್ತದೆ ಎಂದು ಮೊದಲೇ ಎಣಿಸಬೇಡಿ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಇಎಸ್‌ಐ ಕಾರ್ಡ್ ಇರುವ ಕಾರ್ಖಾನೆ ಕೆಲಸಗಾರರು ಸ್ವಂತ ದುಡ್ಡು ಕಟ್ಟುವ ಮುಂಚೆ ಇಎಸ್‌ಐ ದಾರಿ ನೋಡಿ. ಬಯೋಲಾಜಿಕ್ ಇಂಜೆಕ್ಷನ್‌ಗಳಿಗೆ ನಮ್ಮ ದೇಶದಲ್ಲೇ ತಯಾರಾದ ಬಯೋಸಿಮಿಲರ್ (ಮೂಲ ಔಷಧಿಯಷ್ಟೇ ಕೆಲಸ ಮಾಡುವ ಇನ್ನೊಂದು ಕಂಪನಿಯ ಔಷಧಿ) ಕಡಿಮೆ ಬೆಲೆಗೆ ಸಿಗುತ್ತವೆ, ಅದನ್ನೇ ಬರೆದುಕೊಡಿ ಎಂದು ಕೇಳಬಹುದು. ಫ್ರಿಜ್ಜಿನಲ್ಲಿ ಇಡಬೇಕಾದ ಔಷಧಿ ಅದು. ಹುಬ್ಬಳ್ಳಿಯಿಂದಲೋ ಹೈದರಾಬಾದಿನಿಂದಲೋ ತರುವಾಗ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲೇ ತನ್ನಿ, ಆದರೆ ಐಸಿಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಕೆಡುತ್ತದೆ.

ಬೆನ್ನು ಬೆಸೆದು ಓಡಾಟಕ್ಕೆ ಅಡ್ಡಿಯಾಗಿದ್ದರೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಶೇ. 40 ಅಥವಾ ಹೆಚ್ಚು ಬಂದರೆ ಸರ್ಕಾರದ ಸವಲತ್ತಿಗೆ ದಾರಿ. ಇದಕ್ಕೆಲ್ಲ ಹಳೆಯ ಎಕ್ಸ್‌ರೇ, ಎಂಆರ್‌ಐ ಫಿಲ್ಮ್, ಸಿಡಿ, ಚೀಟಿಗಳು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿರಲಿ. ರಿಪೋರ್ಟಿನ ಹಾಳೆ ಮಾತ್ರ ಇಟ್ಟುಕೊಂಡು ಫಿಲ್ಮ್ ಬಿಸಾಡುವವರು ಬಹಳ ಜನ. ತಜ್ಞರು ಕೇಳುವುದು ಫಿಲ್ಮನ್ನೇ.